ಅಂಕೆಗೆ ಭಾಷೆಯಿಲ್ಲವೇ? - ಹೊಸೂರಿನ ಮಕ್ಕಳೂ ಭಿನ್ನರಾಶಿಯ ಲೆಕ್ಕವೂ

ಭಾಷಾ ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಭಾಷಾ ಪಾಠದ ಸುತ್ತಲೇ ನಡೆಯುತ್ತದೆ. ಕನ್ನಡ ಪಂಡಿತರ ಹುದ್ದೆ ಇದೆಯೇ ಇಲ್ಲವೇ, ಕನ್ನಡ ಪಠ್ಯಪುಸ್ತಕ ಜೂನ್ ತಿಂಗಳಲ್ಲಿ ಬಂದಿತೇ ಇಲ್ಲವೇ, ರಾಜ್ಯಭಾಷೆಯನ್ನು ಕಡ್ಡಾಯ ಮಾಡಿದರೇ ಇಲ್ಲವೇ ಎಂಬಿಷ್ಟೇ ವಿಚಾರ. ಗಣಿತದ ಮಾತು ಬಂದರೆ ನಮ್ಮವರೂ ಸ್ವಲ್ಪ ಸಡಿಲಾಗುತ್ತಾರೆ. "ಲೆಕ್ಕದ ಅಧ್ಯಾಪಕರು ಯಾವ ಭಾಷೆಯವರಾದರೇನು, ಅಂಕೆಗಳಿಗೆ ಭಾಷೆಯುಂಟೇ?" ಎಂಬ ವಾದವನ್ನು ಕೇಳದವರು ಕಾಸರಗೋಡಿನಲ್ಲಿ ವಿರಳ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟನೆಗಿಳಿದ ಪ್ರಸಂಗಗಳು ಇಲ್ಲಿ ಮತ್ತೆ ಮತ್ತೆ ನಡೆದಿವೆ. ಆಗೆಲ್ಲ ಈ ವಾದವೇ ಉತ್ತರವಾಗಿ ಬಂದುದುಂಟು.

ಈ ವಾದ ನಿಜವೇ ಎಂಬುದನ್ನು ಒಂದೇ ಒಂದು ಪಾಠವನ್ನು ಹಿಡಿದು ಪರೀಕ್ಷಿಸಬಹುದು. ಅದು ಭಿನ್ನರಾಶಿಗಳ ಭಾಗಾಕಾರದ ಪಾಠ, ಅದರಲ್ಲಿಯೂ ವಾಕ್ಯರೂಪದಲ್ಲಿ ಕೊಡುವ ಲೆಕ್ಕಗಳು. ಪರೀಕ್ಷೆಗೆ ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳುವ ಬದಲು ನಮ್ಮಂತೆಯೇ ಗಡಿಯಾಚೆ ಉಳಿದ ಇನ್ನೊಂದು ಕಡೆಯನ್ನು ನೋಡೋಣ. ನಮ್ಮ ಮನೆಯ ಜಗಳದಲ್ಲಿ ಕಾಣದ ಸಂಗತಿ ಕೆಲವೊಮ್ಮೆ ನೆರೆಯವರ ಅಂಗಳದಲ್ಲಿ ಕಾಣುವುದುಂಟು.

ಹಳೆಯ ಸೇಲಂ ಜಿಲ್ಲೆ ಎಂದರೆ ಬಹು ದೊಡ್ಡ ಜಿಲ್ಲೆ. 1965ರ ಅಕ್ಟೋಬರ 2ರಂದು ಅದರ ಉತ್ತರ ಭಾಗವನ್ನು ಕತ್ತರಿಸಿ ಧರ್ಮಪುರಿ ಜಿಲ್ಲೆಯನ್ನು ಮಾಡಿದರು. 2004ರ ಫೆಬ್ರವರಿಯಲ್ಲಿ ಧರ್ಮಪುರಿಯನ್ನೂ ಒಡೆದು ಕೃಷ್ಣಗಿರಿ ಜಿಲ್ಲೆ ಮಾಡಿದರು. ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಮುಂತಾದ ಕನ್ನಡ ಕೇಳಿಬರುವ ಊರುಗಳು ಈಗ ಈ ಮೂರನೆಯ ಜಿಲ್ಲೆಯಲ್ಲಿವೆ. ಹೀಗೆ ಒಂದೇ ಊರಿನ ಅಜ್ಜ ಸೇಲಂ ಜಿಲ್ಲೆಯಲ್ಲಿಯೂ ಮಗ ಧರ್ಮಪುರಿಯಲ್ಲಿಯೂ ಮೊಮ್ಮಗ ಕೃಷ್ಣಗಿರಿಯಲ್ಲಿಯೂ ಶಾಲೆಗೆ ಸೇರಿದಂತಾಯಿತು, ಮನೆ ಬದಲಾಗಲಿಲ್ಲ. 1984ರ ತನಕ ಕಣ್ಣಾನೂರು ಜಿಲ್ಲೆಯವರಾಗಿದ್ದ ನಮಗೆ ಇದು ಹೊಸ ಅನುಭವವೇನಲ್ಲ.

ಆ ಸೀಮೆಯ ಚರಿತ್ರೆಯೂ ನಮ್ಮದಕ್ಕೆ ಹತ್ತಿರದ್ದೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪೆನಿ ಸರಕಾರಕ್ಕೆ ಬಿಟ್ಟುಕೊಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರಿನ ಕಡೆಯ ಮೇಲುಸೀಮೆಯೂ ಮದರಾಸಿಗೆ ಸೇರಿತು. ನಮ್ಮ ಕನ್ನಡ ಜಿಲ್ಲೆಯೂ ಮದರಾಸಿನ ಆಡಳಿತಕ್ಕೆ ಬಂದುದು ಅದೇ 1799ರಲ್ಲಿ. ಮುಂದೆ 1956ರಲ್ಲಿ ರಾಜ್ಯಗಳನ್ನು ಭಾಷೆಯ ಆಧಾರದಲ್ಲಿ ಪುನರ್ವಿಂಗಡಿಸಿದಾಗ ನಾವು ಕೇರಳಕ್ಕೆ ಬಂದೆವು, ಅವರು ಮದರಾಸಿನಲ್ಲೇ ಉಳಿದರು. ರಾಜಾಜಿಯವರು 1878ರಲ್ಲಿ ಹುಟ್ಟಿದ ತೊರಪಳ್ಳಿ ಹೊಸೂರಿಗೆ ಕೂಗಳತೆಯ ಊರು. ಅವರ ಉಚ್ಚ ವಿದ್ಯಾಭ್ಯಾಸಕ್ಕೆ ಹತ್ತಿರವಾದುದು ಬೆಂಗಳೂರೇ ಹೊರತು ಮದರಾಸಲ್ಲ.

ಅಲ್ಲಿಯ ಕನ್ನಡ, ತೆಲುಗು, ಉರ್ದು ಮಕ್ಕಳಿಗಾಗಿ ಆಯಾ ಮಾಧ್ಯಮದ ಶಾಲೆಗಳೂ ತರಗತಿಗಳೂ ಇವೆ. ಪಠ್ಯಪುಸ್ತಕಗಳನ್ನು ತಮಿಳುನಾಡು ಸರಕಾರದ ಪಠ್ಯಪುಸ್ತಕ ನಿಗಮವೇ ಕನ್ನಡದಲ್ಲಿ ಅಚ್ಚು ಹಾಕಿಸುತ್ತದೆ. ಆದರೆ 2006ರ ತಮಿಳು ಕಲಿಕೆಯ ಕಾನೂನಿನಂತೆ ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹೋಗಿ 2015-16ರಲ್ಲಿ ಹತ್ತನೆಯ ತರಗತಿಗೆ ತಲುಪಿತು. ಅಲ್ಪಸಂಖ್ಯಾತ ಮಕ್ಕಳ ಪರವಾಗಿ ದಾವೆಗಳು ನಡೆದುವು. 2020ರಿಂದ 2022ರ ತನಕ ಮದರಾಸು ಉಚ್ಚ ನ್ಯಾಯಾಲಯ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿ ಕೊಟ್ಟಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿತು. 2017ರಲ್ಲಿ ಕೇರಳವೂ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ತಂದಾಗ ನಮ್ಮಲ್ಲಿ ಎದ್ದ ಆತಂಕ ಈ ತಮಿಳುನಾಡಿನ ಕಥೆಯನ್ನು ಬಲ್ಲವರಿಗೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಕಾನೂನಿನ ಮಾತು ಇಷ್ಟು ಸಾಕು. ಅದನ್ನು ವಕೀಲರು ನೋಡಿಕೊಳ್ಳಲಿ. ನಾವು ತರಗತಿಯೊಳಗೆ ಹೋಗೋಣ.

ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವ ಸೂತ್ರ ಎಲ್ಲರಿಗೂ ಗೊತ್ತು. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕು. ಕರಿಹಲಗೆಯ ಮೇಲೆ ಎರಡು ಸಲ ಬರೆದು ತೋರಿಸಿದರೆ ಆಯಿತು, ಯಾವ ಭಾಷೆಯ ಅಧ್ಯಾಪಕರೂ ಯಾವ ಭಾಷೆಯ ಮಗುವಿಗೂ ಕಲಿಸಬಹುದು. ಮಾತೇ ಬೇಡ, ಕೈಸನ್ನೆ ಸಾಕು. ಮಗು ಹತ್ತು ಲೆಕ್ಕಗಳಲ್ಲಿ ಹತ್ತನ್ನೂ ಸರಿಯಾಗಿ ಮಾಡುತ್ತದೆ. ಪರಿಶೀಲನೆಗೆ ಬಂದ ಅಧಿಕಾರಿ ಪುಸ್ತಕ ತೆರೆದು ನೋಡಿದರೆ ಎಲ್ಲ ಕಡೆ ಕೆಂಪು ಶಾಯಿಯ ಸರಿ ಗುರುತು. ಅಂಕೆಗಳಿಗೆ ಭಾಷೆಯಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಆದರೆ ಪಾಠದ ಕೊನೆಯಲ್ಲಿ ನಾಲ್ಕಾರು ವಾಕ್ಯರೂಪದ ಲೆಕ್ಕಗಳಿರುತ್ತವೆ. ಗಡಿಬಿಡಿಯಲ್ಲಿ ಅವನ್ನು ಬಿಟ್ಟುಬಿಡುವುದೂ ಉಂಟು. ತೊಂದರೆ ಇರುವುದು ಅಲ್ಲಿಯೇ.

ಮೊದಲನೆಯದು ಹೀಗಿರಲಿ: ನಾಲ್ಕೂವರೆ ಲೀಟರು ಹಾಲಿದೆ. ಮುಕ್ಕಾಲು ಲೀಟರಿನ ಬಾಟಲಿಗಳು ಎಷ್ಟು ತುಂಬುತ್ತವೆ? ಇಲ್ಲಿ ಯಾರೂ ಯಾರಿಗೂ ಹಂಚುವುದಿಲ್ಲ. ಆದ್ದರಿಂದ "ಭಾಗ" ಎಂದರೆ ಹಂಚಿಕೆ ಎಂದಷ್ಟೇ ತಿಳಿದ ಮಗುವಿಗೆ ಇದು ಭಾಗಾಕಾರವೆಂದೇ ಹೊಳೆಯುವುದಿಲ್ಲ. ನಾಲ್ಕೂವರೆಯೊಳಗೆ ಮುಕ್ಕಾಲು ಎಷ್ಟು ಸಲ ಅಡಗಿದೆ ಎಂಬ ಪ್ರಶ್ನೆ ಇದು. ಅಕ್ಕಿಯನ್ನು ಪಾವಿನಿಂದ ಅಳೆದ ಮನೆಗಳಲ್ಲಿ ಇದನ್ನು ವಿವರಿಸಲು ಹೆಚ್ಚು ಮಾತು ಬೇಡ. ಮುಕ್ಕಾಲು ಎಂದರೆ ಮೂರು ಕಾಲು, ನಾಲ್ಕೂವರೆ ಎಂದರೆ ಹದಿನೆಂಟು ಕಾಲು, ಹದಿನೆಂಟರಲ್ಲಿ ಮೂರು ಆರು ಸಲ. ಉತ್ತರ ಆರು ಬಾಟಲಿ. ತಲೆಕೆಳಗು ಮಾಡುವ ಪ್ರಮೇಯವೇ ಬರಲಿಲ್ಲ.

ಮಕ್ಕಳನ್ನು ದಿಗಿಲುಪಡಿಸುವುದು ಉತ್ತರ ದೊಡ್ಡದಾಗಿ ಬರುವುದು. ಭಾಗಿಸಿದರೆ ಚಿಕ್ಕದಾಗಬೇಕೆಂದು ನಾಲ್ಕು ವರ್ಷ ಕಲಿತು ಬಂದವರಿಗೆ ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು ಎಂದರೆ ಹೇಗಾಗಬೇಡ? ಆರನ್ನು ಅರ್ಧ ಮಾಡಿದರೆ ಮೂರು, ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು. ಎರಡು ವಾಕ್ಯಗಳ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯದ ಅಂತರ. ಆ "ಇಂದ" ಎಂಬ ಪ್ರತ್ಯಯ ಕಿವಿಗೆ ಬಿದ್ದ ತಕ್ಷಣ ತಿಳಿಯಬೇಕಾದರೆ ಅಧ್ಯಾಪಕನಿಗೂ ಮಗುವಿಗೂ ಭಾಷೆ ಒಂದೇ ಇರಬೇಕು, ಇಲ್ಲವೇ ಅಧ್ಯಾಪಕನಿಗೆ ಎರಡೂ ತಿಳಿದಿರಬೇಕು.

ಎರಡನೆಯ ಲೆಕ್ಕ: ಮುಕ್ಕಾಲು ಎಕರೆಗೆ ಮೂರು ಕಿಲೋ ರಾಗಿ ಬಿತ್ತನೆಗೆ ಬೇಕಾಯಿತು. ಒಂದು ಎಕರೆಗೆ ಎಷ್ಟು ಬೇಕು? ಡೆಂಕಣಿಕೋಟೆಯ ರಾಗಿ ಬೆಳೆಯುವ ಮನೆಯ ಹುಡುಗ ಇದಕ್ಕೆ ಬಾಯಲ್ಲೇ ಉತ್ತರ ಹೇಳಿಯಾನು. ಮುಕ್ಕಾಲು ಎಕರೆಯಲ್ಲಿ ಮೂರು ಕಾಲುಗಳಿವೆ, ಒಂದೊಂದು ಕಾಲಿಗೆ ಒಂದು ಕಿಲೋ, ಎಕರೆಯಲ್ಲಿ ನಾಲ್ಕು ಕಾಲು, ಆದ್ದರಿಂದ ನಾಲ್ಕು ಕಿಲೋ. ಈಗ ಹುಡುಗ ಮಾಡಿದ್ದೇನು ಎಂದು ನೋಡಿರಿ. ಮೊದಲು ಮೂರರಿಂದ ಭಾಗಿಸಿದ, ಮತ್ತೆ ನಾಲ್ಕರಿಂದ ಗುಣಿಸಿದ. ಅಂದರೆ 3/4ನ್ನು ತಲೆಕೆಳಗು ಮಾಡಿ 4/3ರಿಂದ ಗುಣಿಸಿದ. ಸೂತ್ರದ ಗುಟ್ಟು ಇಷ್ಟೇ. ಮಂತ್ರವೆಂದು ಬಾಯಿಪಾಠ ಮಾಡಿದ್ದು ಹೊಲದಲ್ಲಿ ಅರ್ಥವಾಯಿತು. ಇದನ್ನು ಮಗುವಿನ ಬಾಯಿಂದ ಹೊರಡಿಸಬೇಕಾದರೆ "ಒಂದು ಕಾಲಿಗೆ ಎಷ್ಟಾಯಿತು? ಹಾಗಾದರೆ ನಾಲ್ಕು ಕಾಲಿಗೆ?" ಎಂದು ಅಧ್ಯಾಪಕರು ಕೇಳಬೇಕು, ಮಗು ತಪ್ಪು ಹೇಳಬೇಕು, ತಿದ್ದಬೇಕು. ಐದು ನಿಮಿಷದ ಮಾತುಕತೆ. ಮಾತು ಬಾರದ ಅಧ್ಯಾಪಕ ಈ ಐದು ನಿಮಿಷವನ್ನು ಸಹಜವಾಗಿಯೇ ತಪ್ಪಿಸಿ ಸೂತ್ರಕ್ಕೆ ಹೋಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಅವನನ್ನು ಅಲ್ಲಿಗೆ ಕಳಿಸಿದವರು ಬೇರೆ.

ಮೂರನೆಯ ಲೆಕ್ಕ ಸ್ವಲ್ಪ ತುಂಟತನದ್ದು. ಐದು ಮೀಟರು ಬಟ್ಟೆಯಿದೆ. ಒಂದು ರವಿಕೆಗೆ ಮುಕ್ಕಾಲು ಮೀಟರಿನಂತೆ ಎಷ್ಟು ರವಿಕೆಯಾಗುತ್ತದೆ? ಎಷ್ಟು ಬಟ್ಟೆ ಉಳಿಯುತ್ತದೆ? ಸೂತ್ರದಂತೆ ಹೋದರೆ ಉತ್ತರ ಆರೂ ಮೂರರಲ್ಲಿ ಎರಡು, ಎಂದರೆ 6 2/3. ಆರು ರವಿಕೆ ಸರಿ. ಉಳಿದ ಬಟ್ಟೆ? ಜಾಣ ಮಕ್ಕಳೂ 2/3 ಮೀಟರು ಎಂದು ಬರೆಯುತ್ತಾರೆ. ದರ್ಜಿಯನ್ನು ಕೇಳಿದರೆ ಅರ್ಧ ಮೀಟರು ಎನ್ನುತ್ತಾನೆ, ಏಕೆಂದರೆ ಆರು ರವಿಕೆಗೆ ನಾಲ್ಕೂವರೆ ಮೀಟರು ಹೋಯಿತು. ದರ್ಜಿ ಹೇಳಿದ್ದೂ ಸರಿ, ಸೂತ್ರವೂ ಸರಿ. ಸೂತ್ರ ಕೊಟ್ಟ 2/3 ಎಂಬುದು ಮೀಟರಿನ ಲೆಕ್ಕವಲ್ಲ, ರವಿಕೆಯ ಲೆಕ್ಕ. ಉಳಿದ ಬಟ್ಟೆಯಲ್ಲಿ ಒಂದು ರವಿಕೆಯ ಮೂರರಲ್ಲಿ ಎರಡು ಭಾಗ ಮಾತ್ರ ಆದೀತು ಎಂದು ಅದರ ಅರ್ಥ. ಮುಕ್ಕಾಲರ ಮೂರರಲ್ಲಿ ಎರಡು ಎಂದರೆ ಅರ್ಧವೇ ತಾನೇ? ನಾನು ಹುಡುಗನಾಗಿದ್ದಾಗ ಇಂಥದೇ ಒಂದು ಲೆಕ್ಕದಲ್ಲಿ ಉತ್ತರ ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಬಂದು, ಶಾಲೆಯದೇ ಸರಿಯೆಂದು ಬೆತ್ತದ ಮುಖಾಂತರ ತಿಳಿದುಕೊಂಡೆ. ಎರಡೂ ಸರಿಯಾಗಿತ್ತೆಂದು ತಿಳಿದದ್ದು ನನ್ನ ಮಗಳಿಗೆ ಪಾಠ ಹೇಳುವಾಗ.

ಈಗ ಭಾಷೆಯ ವಿಚಾರಕ್ಕೆ ಬರೋಣ. ಮೇಲಿನ ಲೆಕ್ಕದಲ್ಲಿ "ಮುಕ್ಕಾಲು ಮೀಟರಿನಂತೆ" ಎಂಬಲ್ಲಿ "ಅಂತೆ" ಎಂಬ ಎರಡಕ್ಷರದ ಮೇಲೆ ಇಡೀ ಲೆಕ್ಕ ನಿಂತಿದೆ. ತಮಿಳಿನಲ್ಲಿ ಆ ಕೆಲಸವನ್ನು ಮಾಡುವ ಶಬ್ದ "ವೀದಂ". ಮಲಯಾಳದಲ್ಲಿಯೂ ಅದೇ, "ವೀತಂ". ತಲಾ ಇಷ್ಟು, ಒಂದಕ್ಕೆ ಇಷ್ಟರಂತೆ ಎಂದು ಅರ್ಥ. ತಳಿಯ ಹುಡುಗನಿಗೂ ಪೈವಳಿಕೆಯ ಹುಡುಗನಿಗೂ ಲೆಕ್ಕವನ್ನು ರಾಜ್ಯಭಾಷೆಯಲ್ಲಿ ಓದಿ ಹೇಳಿದಾಗ ಕಾಲು, ಅರೆ, ಮುಕ್ಕಾಲು ಎಂಬುದೆಲ್ಲ ಅರ್ಥವಾಗುತ್ತದೆ. ಮೀಟರು ಅರ್ಥವಾಗುತ್ತದೆ. ಈ "ವೀದಂ" ಮಾತ್ರ ಕಿವಿಯ ಪಕ್ಕದಿಂದ ಹಾದುಹೋಗುತ್ತದೆ. ಅದು ಹೋಯಿತೆಂದರೆ ಉಳಿದದ್ದು ಎರಡು ಅಂಕೆ. ಎರಡು ಅಂಕೆಗಳನ್ನು ಏನು ಮಾಡಬೇಕೆಂದು ತಿಳಿಯದ ಮಗು ಮೊನ್ನೆ ಮೊನ್ನೆ ಕಲಿತದ್ದನ್ನು ಮಾಡುತ್ತದೆ. ಗುಣಾಕಾರ ಕಲಿತಿದ್ದರೆ ಗುಣಿಸುತ್ತದೆ, ಭಾಗಾಕಾರ ಕಲಿತಿದ್ದರೆ ಭಾಗಿಸುತ್ತದೆ. ಆ ವಾರದ ಪಾಠ ಭಾಗಾಕಾರದ್ದೇ ಆದ್ದರಿಂದ ಉತ್ತರ ಸರಿಯಾಗಿಯೇ ಬರುತ್ತದೆ. ರೋಗ ಹೊರಗೆ ಕಾಣಿಸುವುದು ವಾರ್ಷಿಕ ಪರೀಕ್ಷೆಯಲ್ಲಿ, ಎಲ್ಲ ಬಗೆಯ ಲೆಕ್ಕಗಳೂ ಬೆರೆತು ಬಂದಾಗ.

ಪಾರಿಭಾಷಿಕ ಶಬ್ದಗಳದು ಇನ್ನೊಂದು ಕಥೆ. ಈ ವಿಷಯದಲ್ಲಿ ನಾವು ಕಾಸರಗೋಡಿನವರು ಭಾಗ್ಯವಂತರು. ಕನ್ನಡದ ಅಂಶ, ಛೇದಗಳೇ ಮಲಯಾಳದಲ್ಲಿಯೂ ಇವೆ, ಎರಡೂ ಭಾಷೆಗಳು ಸಂಸ್ಕೃತದಿಂದ ಸಾಲ ತಂದವು. ಹೊಸೂರಿನ ಮಕ್ಕಳಿಗೆ ಆ ಸೌಕರ್ಯವಿಲ್ಲ. ತಮಿಳಿನಲ್ಲಿ ಅಂಶಕ್ಕೆ "ತೊಗುತಿ", ಛೇದಕ್ಕೆ "ಪಗುತಿ". ಪಗುತಿ ಎಂದರೆ ಮಾತಿನ ತಮಿಳಿನಲ್ಲಿ ಭಾಗ ಎಂದೇ ಅರ್ಥ. ಮುಕ್ಕಾಲರಲ್ಲಿ ಪಗುತಿ ಎಷ್ಟು ಎಂದು ಕೇಳಿದರೆ, ಬೀದಿಯಲ್ಲಿ ತಮಿಳು ಕಲಿತ ಕನ್ನಡದ ಮಗು, ತೆಗೆದುಕೊಂಡ ಭಾಗ ಮೂರಲ್ಲವೇ ಎಂದು ಮೂರು ಎನ್ನುವ ಸಂಭವವಿದೆ. ಅಧ್ಯಾಪಕರಿಗೆ ಬೇಕಾದ ಉತ್ತರ ನಾಲ್ಕು. ಮಗು ದಡ್ಡನಲ್ಲ, ಅಧ್ಯಾಪಕರು ಕಟುಕರಲ್ಲ. ನಡುವೆ ಒಂದು ಶಬ್ದ ನಿಂತಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಲೆಕೆಳಗು ಮಾಡಿದ ಭಿನ್ನರಾಶಿಗೆ ನಮ್ಮ ಕನ್ನಡ ಪುಸ್ತಕಗಳು "ವ್ಯುತ್ಕ್ರಮ" ಎನ್ನುತ್ತವೆ. ಹನ್ನೊಂದು ವರ್ಷದ ಮಗುವಿಗೆ ಉಚ್ಚರಿಸಲೇ ಕಷ್ಟ. ತಮಿಳಿನವರು "ತಲೈಕೀಳಿ" ಎಂದಿದ್ದಾರೆ, ನಮ್ಮ ತಲೆಕೆಳಗು ಎಂಬುದರ ಅಣ್ಣನೋ ತಮ್ಮನೋ. ತಳಿಯ ಕನ್ನಡ ಮಗುವಿಗೆ ತಮಿಳು ಪುಸ್ತಕದ ಈ ಶಬ್ದ ಕನ್ನಡ ಪುಸ್ತಕದ ಶಬ್ದಕ್ಕಿಂತ ಬೇಗ ತಿಳಿದೀತು. ಕನ್ನಡ ಮಾಧ್ಯಮ ಎಂದ ಮಾತ್ರಕ್ಕೆ ಮಗುವಿನ ಭಾಷೆ ಬಂದುಬಿಟ್ಟಿತೆಂದು ತಿಳಿಯಬಾರದೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ. ಪುಸ್ತಕದ ಕನ್ನಡಕ್ಕೂ ಅಲ್ಲಿಂದ ಒಂದು ಸಂಕ ದಾಟಿಯೇ ಬರಬೇಕು.

ಭಾಷೆ ಸರಿಯಿದ್ದರೆ ಎಲ್ಲ ಸರಿಹೋದೀತೇ ಎಂದು ವಾಚಕರು ಕೇಳಬಹುದು. ಹೋಗದು. ಲಿಪಿಂಗ್ ಮಾ ಎಂಬ ವಿದುಷಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪಾಠದ ಬಗ್ಗೆಯೇ ಇದೆ. ಅಮೆರಿಕದ 23 ಅಧ್ಯಾಪಕರಿಗೂ ಚೀನದ 72 ಅಧ್ಯಾಪಕರಿಗೂ ಒಂದೇ ಪ್ರಶ್ನೆ: ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿರಿ, ಅದಕ್ಕೆ ಒಪ್ಪುವ ಒಂದು ಕಥೆಯನ್ನು ಹೇಳಿರಿ. ಅಮೆರಿಕದವರಲ್ಲಿ 16 ಮಂದಿ ಹೇಳಿದ ಕಥೆ ತಪ್ಪು, 6 ಮಂದಿಗೆ ಕಥೆಯೇ ಹೊಳೆಯಲಿಲ್ಲ, ಒಬ್ಬರದು ಮಾತ್ರ ತಾತ್ವಿಕವಾಗಿ ಸರಿ. ಚೀನದವರಲ್ಲಿ 65 ಮಂದಿ ಸರಿಯಾದ ಕಥೆ ಹೇಳಿದರು. ಒಂದೂ ಮುಕ್ಕಾಲು ಹೋಳಿಗೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಎಂಬ ಬಗೆಯದು ಅಮೆರಿಕದವರ ಸಾಮಾನ್ಯ ತಪ್ಪು. ಅದು ಎರಡರಿಂದ ಭಾಗಿಸಿದಂತಾಯಿತು, ಅರ್ಧದಿಂದಲ್ಲ. ಒಂದೂ ಮುಕ್ಕಾಲು ಸೇರು ಅಕ್ಕಿಯನ್ನು ಅರ್ಧ ಸೇರಿನ ಅಳತೆಯಲ್ಲಿ ಅಳೆದರೆ ಎಷ್ಟು ಅಳತೆ ಎಂದಿದ್ದರೆ ಮೂರೂವರೆ ಎಂಬ ಉತ್ತರ ತಾನಾಗಿ ಬರುತ್ತಿತ್ತು. ತಮ್ಮ ಮಾತೃಭಾಷೆಯಲ್ಲಿಯೇ, ಯಾವ ಗಡಿಯ ಕಿರುಕುಳವೂ ಇಲ್ಲದೆ ಕಲಿಸುವವರಿಗೇ ಈ ಕಥೆ ಇಷ್ಟು ಕಷ್ಟವಾದರೆ, ಮಗುವಿನ ಭಾಷೆಯಲ್ಲಿ "ಇಲ್ಲಿ ಬಾ" ಎನ್ನಲೂ ತಡವರಿಸುವ ಅಧ್ಯಾಪಕರು ಕಥೆ ಕಟ್ಟುವುದು ಹೇಗೆ?

ನಮ್ಮ ದೇಶದ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. 2023ರಲ್ಲಿ ಅಸರ್ ಸಂಸ್ಥೆ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ 43ರಷ್ಟು ಮಾತ್ರ. ಅದು ಪೂರ್ಣಸಂಖ್ಯೆಯ ಭಾಗಾಕಾರ. ಭಿನ್ನರಾಶಿಯ ಮಾತು ಎತ್ತುವ ಹಾಗೆಯೇ ಇಲ್ಲ.

ಇಷ್ಟಾದರೂ ನಮ್ಮ ಮನೆಗಳಲ್ಲಿ ಭಿನ್ನರಾಶಿಯ ಬಂಡವಾಳ ಕಡಿಮೆಯಿಲ್ಲ. ಅರೆ, ಕಾಲು, ಮುಕ್ಕಾಲು, ಅರೆಕಾಲು, ವೀಸ. ಕನ್ನಡ, ತುಳು, ತಮಿಳು, ಮಲಯಾಳ ನಾಲ್ಕರಲ್ಲಿಯೂ ಅರೆ, ಕಾಲು, ಮುಕ್ಕಾಲು ಹೆಚ್ಚು ಕಡಿಮೆ ಒಂದೇ. ಅರೆಕಾಲು ಎಂಬ ಶಬ್ದವನ್ನೇ ನೋಡಿರಿ. ಕಾಲಿನ ಅರೆ, ಎಂದರೆ ಎಂಟನೆಯ ಒಂದು. ಗುಣಾಕಾರ ಶಬ್ದದೊಳಗೇ ಕುಳಿತಿದೆ. ವೀಸವೆಂದರೆ ಹದಿನಾರನೆಯ ಒಂದು. ಹದಿನಾಲ್ಕು ಸೇರಿಗೆ ಕಳಸೆ, ಮೂರು ಕಳಸೆಗೆ ಮುಡಿ ಎಂದು ಲೆಕ್ಕ ಹಿಡಿದ ನಮ್ಮ ಅಜ್ಜಿಯಂದಿರು ಮುಡಿಯ ಮೂರರಲ್ಲಿ ಎರಡನ್ನು ಬಿಡಿಸಿ ಹೇಳಲು ಕಾಗದ ಹುಡುಕಿದವರಲ್ಲ. ಸೇಲಂ ಪಟ್ಟಣದ ನೇಕಾರರಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ಕುಟುಂಬಗಳಿವೆ. ಅವರ ಕನ್ನಡಕ್ಕೆ ಶಾಲೆಯ ಆಸರೆ ಇಲ್ಲವೆಂದೇ ಹೇಳಬೇಕು, ಅದು ಮಗ್ಗದ ಗುಂಡಿಯ ಪಕ್ಕದಲ್ಲಿ ಬದುಕಿದ ಭಾಷೆ. ಮೂವತ್ತಮೂರು ಮೀಟರು ಹಾಸಿನಲ್ಲಿ ಐದೂವರೆ ಮೀಟರಿನ ಸೀರೆ ಎಷ್ಟು ಎಂದರೆ ಆ ಮನೆಯ ಹುಡುಗಿ ಆರು ಎಂದಾಳು. 33ನ್ನು 11/2ರಿಂದ ಭಾಗಿಸು ಎಂದು ಬರೆದು ಕೊಟ್ಟರೆ ಪೆನ್ಸಿಲು ಕಚ್ಚುತ್ತ ಕುಳಿತಾಳು. ಅವಳಿಗೆ ತಿಳಿಯದಿರುವುದು ಲೆಕ್ಕವಲ್ಲ, ಮಗ್ಗದ ಕನ್ನಡಕ್ಕೂ ಕರಿಹಲಗೆಯ ತಮಿಳಿಗೂ ಇರುವ ನಂಟು. ಅದನ್ನು ಅವಳಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಇನ್ನೊಂದು ಸ್ವಾರಸ್ಯ. ಭಾಜಕದ ಛೇದವನ್ನು ಅಂಶವಾಗಿ ಮಾಡಿ ಗುಣಿಸಬೇಕೆಂಬ ಸೂತ್ರ ಪಾಶ್ಚಾತ್ಯರಿಂದ ಬಂದುದೆಂದು ತಿಳಿದವರು ನಮ್ಮಲ್ಲಿದ್ದಾರೆ. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಹೇಳಿದ್ದಾನೆ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹೇಳಿ ಅಲ್ಲಿಗೇ ಬಿಡದೆ ವಾಕ್ಯರೂಪದ ಲೆಕ್ಕಗಳನ್ನು ರಾಶಿ ರಾಶಿಯಾಗಿ ಕೊಟ್ಟಿದ್ದಾನೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಮಹಾವೀರಾಚಾರ್ಯನ ಗ್ರಂಥವನ್ನು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದು ಮದರಾಸು ಸರಕಾರ, ಸಂಪಾದಿಸಿದವರು ಎಂ. ರಂಗಾಚಾರ್ಯರು. ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಹೊರಬಂತು. ಧರ್ಮಪುರಿಯೋ, ಆಗಿನ ತಗಡೂರು. ನೊಳಂಬ ಮಹೇಂದ್ರನ ಕಾಲದಲ್ಲಿ, 9ನೆಯ ಶತಮಾನದ ಕೊನೆಯಲ್ಲಿ, ಅಲ್ಲಿ ಕಟ್ಟಿಸಿದ ಬಸದಿಯ ವಿಚಾರ ಕನ್ನಡ ಶಾಸನದಲ್ಲಿದೆ. ನೃಪತುಂಗನ ಆಳ್ವಿಕೆ ಮುಗಿದು ಬಹಳ ವರ್ಷ ಕಳೆದಿರಲಿಲ್ಲ. ಇದರಿಂದ ಈಗಿನ ಮಕ್ಕಳ ಅಂಕ ಒಂದೂ ಏರುವುದಿಲ್ಲ, ನಿಜ. ಆ ಮಣ್ಣಿಗೆ ಕನ್ನಡವೂ ಲೆಕ್ಕವೂ ಹೊರಗಿನಿಂದ ಬಂದವಲ್ಲ ಎನ್ನುವುದಕ್ಕಾಗಿ ಹೇಳಿದೆನಷ್ಟೇ.

ಈಗ ಮುಖ್ಯ ವಿಚಾರ. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ವಿದ್ಯಾಭ್ಯಾಸ ಕೊಡಲು ಪ್ರತಿ ರಾಜ್ಯವೂ ಯತ್ನಿಸಬೇಕು. ಆದರೆ ಯಾವ ಹಂತದ ತನಕ? ಪ್ರಾಥಮಿಕ ಹಂತದ ತನಕ. ಭಿನ್ನರಾಶಿಯ ಭಾಗಾಕಾರ ಬರುವುದು ಹೆಚ್ಚಾಗಿ ಆರನೆಯ, ಏಳನೆಯ ತರಗತಿಗಳಲ್ಲಿ. ತಮಿಳುನಾಡಿನಲ್ಲಿ ಐದನೆಯ ತರಗತಿಗೆ ಪ್ರಾಥಮಿಕ ಮುಗಿಯುತ್ತದೆ. ಸಂವಿಧಾನದ ಕೈ ಬಿಟ್ಟ ಮರುವರ್ಷವೇ ಮಗು ಈ ಪಾಠದೆದುರು ಬಂದು ನಿಲ್ಲುತ್ತದೆ. ಕೂಡಿಸುವ, ಕಳೆಯುವ ಸುಲಭದ ಲೆಕ್ಕಗಳಿಗೆ ಮಾತೃಭಾಷೆಯ ರಕ್ಷಣೆ ಇದೆ, ಭಾಷೆ ನಿಜವಾಗಿ ಬೇಕಾಗುವ ಮೊದಲ ಲೆಕ್ಕಕ್ಕೆ ಇಲ್ಲ. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. 1956ರಲ್ಲಿ ವಿಧಿ ಬರೆದವರ ಮುಂದೆ ಆರನೆಯ ತರಗತಿಯ ಲೆಕ್ಕದ ಪುಸ್ತಕ ಇರಲಿಲ್ಲ, ಅಷ್ಟೇ.

ಹೆತ್ತವರ ಉತ್ತರವೇನು? ಹಲವರು ಆರನೆಯ ತರಗತಿಗೆ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸುತ್ತಾರೆ. ತಪ್ಪೆನ್ನಲಾರೆ, ಹೊಸೂರಿನಲ್ಲಿ ಕಾರ್ಖಾನೆಗಳಿವೆ, ಬೆಂಗಳೂರು ಪಕ್ಕದಲ್ಲಿದೆ, ಯಾರಿಗೂ ಮಗುವಿನ ಅನ್ನದ ಚಿಂತೆಯೇ ಮೊದಲು. ಆದರೆ ಒಂದನ್ನು ತಿಳಿದಿರಬೇಕು. ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ "ಮೂರರಲ್ಲಿ ಎರಡು" ಎಂದು ಮೊದಲು ಛೇದವನ್ನು ಹೇಳುತ್ತೇವೆ. ಇಡೀ ವಸ್ತು ಎಷ್ಟು ಪಾಲಾಯಿತೆಂಬುದು ಮೊದಲು, ಎಷ್ಟು ತೆಗೆದುಕೊಂಡೆವೆಂಬುದು ಆಮೇಲೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ಅಲ್ಲಿಯ ತನಕ ಒಂದು ಕ್ರಮದಲ್ಲಿ ಯೋಚಿಸಿದ ಮಗು, ಭಾಜಕವನ್ನು ತಲೆಕೆಳಗು ಮಾಡುವ ಪಾಠ ಬರುವ ವರ್ಷವೇ ಓದುವ ಕ್ರಮವನ್ನೂ ತಲೆಕೆಳಗು ಮಾಡಿಕೊಳ್ಳಬೇಕು. ಬದಲಾಯಿಸುವುದೇ ಆದರೆ ಎರಡು ವರ್ಷ ಮೊದಲೋ ಎರಡು ವರ್ಷ ತಡವಾಗಿಯೋ ಬದಲಾಯಿಸುವುದು ವಾಸಿ ಎಂದು ನನ್ನ ಅಭಿಪ್ರಾಯ.

ಸರಕಾರಗಳಿಂದ ಕೇಳಬೇಕಾದದ್ದು ದೊಡ್ಡದೇನೂ ಅಲ್ಲ. ಕನ್ನಡ ಮಾಧ್ಯಮದ ಗಣಿತ ಹುದ್ದೆಗೆ ಕನ್ನಡ ಬಲ್ಲವರನ್ನೇ ನೇಮಿಸಬೇಕು, ಮತ್ತು ಕನ್ನಡ ಬಲ್ಲರೆಂಬುದನ್ನು ಅರ್ಜಿಯ ಒಂದು ಗೆರೆಯಿಂದಲ್ಲ, ಒಂದು ವಾಕ್ಯರೂಪದ ಲೆಕ್ಕವನ್ನು ಹತ್ತು ಮಕ್ಕಳ ಮುಂದೆ ಬಿಡಿಸಿ ಹೇಳಿಸಿ ತಿಳಿಯಬೇಕು. ಮೂರು ನಿಮಿಷದಲ್ಲಿ ಗೊತ್ತಾಗುತ್ತದೆ. ಪುಸ್ತಕ ಅನುವಾದಿಸುವವರು ವಾಕ್ಯರೂಪದ ಲೆಕ್ಕಗಳನ್ನು ಆಯಾ ಸೀಮೆಯ ಅಧ್ಯಾಪಕರೊಬ್ಬರಿಗೆ ಓದಿ ಕೇಳಿಸಬೇಕು. ಹೊಸೂರಿಗೆ ರಾಗಿ, ಟೊಮೆಟೊ, ಗುಲಾಬಿಯ ಲೆಕ್ಕವಿರಲಿ, ನಮಗೆ ಅಡಿಕೆಯದು. ನಮ್ಮ ಸಂಘಸಂಸ್ಥೆಗಳು ಮನವಿ ಕೊಡುವಾಗ ಕನ್ನಡ ಪಂಡಿತರ ಹುದ್ದೆಯನ್ನು ಮೊದಲ ಬೇಡಿಕೆಯಾಗಿಯೂ ಗಣಿತದ ಹುದ್ದೆಯನ್ನು ಏಳನೆಯದೋ ಎಂಟನೆಯದೋ ಬೇಡಿಕೆಯಾಗಿಯೂ ಬರೆಯುವ ವಾಡಿಕೆಯನ್ನು ಈ ವರ್ಷದಿಂದಲಾದರೂ ಬದಲಾಯಿಸಲಿ.

ಮನೆಯಲ್ಲಿ ಆರು ಅಥವಾ ಏಳನೆಯ ತರಗತಿಯ ಮಗುವಿದ್ದವರು ಇವತ್ತು ಸಂಜೆ ಆ ರವಿಕೆಯ ಲೆಕ್ಕವನ್ನು ಕೇಳಿ ನೋಡಿರಿ. ಐದು ಮೀಟರು, ಒಂದಕ್ಕೆ ಮುಕ್ಕಾಲು ಮೀಟರಿನಂತೆ. ಆರು ಎಂದೊಡನೆ ಶಹಬಾಸ್ ಎನ್ನಬೇಡಿ. ಉಳಿದ ಬಟ್ಟೆ ಎಷ್ಟೆಂದು ಕೇಳಿರಿ, 2/3 ಎಂದರೆ ಬೈಯಬೇಡಿ, ಒಂದು ಹಳೆಯ ಪಂಚೆಯನ್ನೂ ಅಳತೆಯ ಟೇಪನ್ನೂ ಕೈಗೆ ಕೊಡಿ.